ಕಾಯ್ಕಿಣಿಯಲ್ಲಿ ಇಳಿದವರು

ಹಳದೀಪುರದ ನಿತ್ಯಾನಂದನ ಈ ವೃತ್ತಾಂತವು ಭಟ್ಕಳದಿಂದ ಕುಮಟಾದವರೆಗೆ ಹೇಳುವವರ ಬಾಯಿಗೆ ತಕ್ಕಂತೆ ಅಲ್ಲಲ್ಲಿ ಬೇರೆಯಾಗಿದೆ. ಹೊನ್ನಾವರದಲ್ಲಿ ಹೇಳುವವರು ಅವನನ್ನು ಮಹಾ ಬುದ್ಧಿವಂತನೆನ್ನುತ್ತಾರೆ. ಹಳದೀಪುರದಲ್ಲಿ, ಅವನನ್ನು ದಿನವೂ ಕಾಣುವ ಕಾರಣದಿಂದಲೋ ಏನೋ, ಯಾರೂ ಹಾಗೆನ್ನುವುದಿಲ್ಲ. ಆದರೆ ಎಲ್ಲ ಪಾಠಗಳೂ ಒಪ್ಪುವ ಸಂಗತಿಯೊಂದಿದೆ: ನಡೆದದ್ದಕ್ಕೆಲ್ಲ ಮೂಲ ಅವನ ಮನೆಯ ಗೇಟಿಗೆ ತೂಗುಹಾಕಿದ್ದ ಫಲಕ.

ಫಲಕದಲ್ಲಿ ನೀಲಿ ಅಕ್ಷರಗಳಲ್ಲಿ ಹೀಗಿತ್ತು: ‘ನಿತ್ಯಾನಂದ, ಆಟ ವಿನ್ಯಾಸಕ.’

ಹೊನ್ನಾವರದ ಒಂದು ಸಹಕಾರಿ ಸಂಘದಲ್ಲಿ ಬಂದ ಪತ್ರಗಳಿಗೆ ಮೊಹರು ಒತ್ತಿ, ಹೋಗುವ ಪತ್ರಗಳಿಗೆ ಅಂಟು ಹಚ್ಚುವ ಕೆಲಸ ಅವನದು. ಎರಡು ಮಳೆಗಾಲ ಕೂತು ಅವನು ಒಂದು ಆಟವನ್ನು ಕಟ್ಟಿದ್ದ. ದಪ್ಪ ರಟ್ಟಿನ ಮೇಲೆ ಭಟ್ಕಳದಿಂದ ಕುಮಟಾಕ್ಕೆ ಹೋಗುವ ಹೆದ್ದಾರಿ. ಹೆದ್ದಾರಿಗೆ ಅರವತ್ತನಾಲ್ಕು ಚೌಕಗಳು. ಪ್ರತಿ ಆಟಗಾರನಿಗೆ ಬಸ್ಸೆಂದು ಭಾವಿಸಬೇಕಾದ ಒಂದು ಕಾಯಿ. ನಾಲ್ಕು ಕವಡೆ ಎರಚಿ, ಬಿದ್ದಷ್ಟು ಚೌಕ ಮುಂದೆ ಹೋಗಬೇಕು. ಮಂಕಿಯಲ್ಲಿ ರಸ್ತೆಯ ಮೇಲೆ ದನ ಮಲಗಿದ್ದರೆ ಒಂದು ಸರದಿ ನಷ್ಟ. ಅಗಲೀಕರಣದ ಕಾಮಗಾರಿ ಎದುರಾದರೆ ಮೂರು ಸರದಿ ನಷ್ಟ. ಶರಾವತಿಯ ಸೇತುವೆಯಲ್ಲಿ ಹಿಂದಿನವರಿಗೆ ದಾರಿ ಬಿಡಬೇಕು. ಮೊದಲು ಕುಮಟಾ ಮುಟ್ಟಿದವನು ಗೆದ್ದ. ಆಟದ ಹೆಸರು ‘ಭಟ್ಕಳ–ಕುಮಟಾ ಎಕ್ಸ್‌ಪ್ರೆಸ್’.

ಆಟ ನಿಜವಾಗಿಯೂ ಚೆನ್ನಾಗಿತ್ತು; ಇದನ್ನು ಅವನ ವಿರೋಧಿಗಳೂ ಅಲ್ಲಗಳೆಯುವುದಿಲ್ಲ. ಫಲಕ ಮಾತ್ರ ಊರಿಗೆ ಅರ್ಥವಾಗಲಿಲ್ಲ. ಮೊದಲ ವಾರದಲ್ಲೇ ಒಬ್ಬರು ಮೂಲೆಯ ಬಲೆ ಹರಿದ ಕೇರಂ ಬೋರ್ಡು ತಂದು ರಿಪೇರಿಗೆ ಬಿಟ್ಟು ಹೋದರು. ಇನ್ನೊಬ್ಬರು ಆಟವೆಂದರೆ ಯಕ್ಷಗಾನವೆಂದು ತಿಳಿದು, ಯಾವ ಮೇಳದ ಆಟ, ಟೆಂಟು ಎಲ್ಲಿ ಎಂದು ವಿಚಾರಿಸಿದರು. ಅವನ ಹೆಂಡತಿ ಜಯಶ್ರೀ ಕೇರಂ ಬೋರ್ಡಿನ ಮೂಲೆಗೆ ತಾನೇ ಬಲೆ ಹೊಲಿದು ಕೊಟ್ಟು, “ಫಲಕ ಹಾಕಿದ್ದು ನೀವು, ಕೆಲಸ ಬಂದದ್ದು ನಂಗೆ,” ಎಂದಳು.

ಇಂಥ ಹೊತ್ತಿನಲ್ಲಿ ಪಂಚಾಯಿತಿ ಗ್ರಂಥಾಲಯಕ್ಕೆ ಒಂದು ಸುತ್ತೋಲೆ ಬಂತು. ಗ್ರಂಥಾಲಯ ನೋಡಿಕೊಳ್ಳುವ ದಿನೇಶ ಅದನ್ನು ಎರಡು ಸಲ ಓದಿಕೊಂಡು, ಸೈಕಲ್ ಹತ್ತಿ ಬಂದು ನಿತ್ಯಾನಂದನ ಕೈಗಿಟ್ಟ. ಊರವರೇ ಕಟ್ಟಿದ ಆಟಗಳಲ್ಲಿ ಒಂದನ್ನು ಆರಿಸಿ, ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳ ಗ್ರಂಥಾಲಯಗಳಲ್ಲಿ ಇಡಲಾಗುವುದು; ಪೆಟ್ಟಿಗೆಯ ಮುಚ್ಚಳದ ಮೇಲೆ ಕಟ್ಟಿದವರ ಹೆಸರು ಅಚ್ಚಾಗುವುದು. ಅದಕ್ಕೆ ಮೊದಲು ಇಪ್ಪತ್ತು ಮಂದಿ ಆಡಿ ನೋಡಿ, ಇಪ್ಪತ್ತೂ ಮಂದಿ ಸಹಿ ಹಾಕಬೇಕು. ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಧಿಕಾರಿಗಳು ಬಂದು ಪರಿಶೀಲಿಸುವರು. ಜೊತೆಗಿದ್ದ ನಮೂನೆಯಲ್ಲಿ ಹನ್ನೊಂದು ಅಂಕಣಗಳಿದ್ದವು. ಏಳನೆಯದು: ‘ಆಟ ಹಿಡಿಸದವರ ಸಂಖ್ಯೆ, ಮತ್ತು ಅವರ ಇಚ್ಛೆಗಾಗಿ ಮಾಡಿದ ಬದಲಾವಣೆ.’

ಮುಚ್ಚಳದ ಮೇಲಿನ ಹೆಸರು! ಗೇಟಿನ ಫಲಕವನ್ನು ಹಳದೀಪುರ ಓದುತ್ತದೆ. ಮುಚ್ಚಳವನ್ನು ಮೂರು ತಾಲೂಕು ಓದುತ್ತದೆ. ನಿತ್ಯಾನಂದ ಅಂದಿನಿಂದ ಅನ್ನದ ಅಗುಳನ್ನು ಎಣಿಸಿಕೊಂಡು ಉಣ್ಣತೊಡಗಿದ.

ಭಾನುವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಆಟ ಹೂಡಲಾಯಿತು. ಹತ್ತೊಂಬತ್ತು ಮಂದಿ ಸೇರಿದರು. ಇಪ್ಪತ್ತನೆಯವರು ಸಿಗದೆ, ಜಗಲಿಯಲ್ಲಿ ಬಸಳೆಯ ಬುಟ್ಟಿ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ ನಾಗಮ್ಮನನ್ನು ಒಳಗೆ ಕರೆದರು. ಊರಾಚೆಯ ಕೊಪ್ಪದಿಂದ ತರಕಾರಿ ಹೊತ್ತು ತರುವ ಆಕೆಗೆ ಅರವತ್ತರ ಮೇಲಾಗಿತ್ತು. ಕವಡೆ ಎರಚುವ ಕೈ ಮಾತ್ರ ಎಲ್ಲರಿಗಿಂತ ಚುರುಕು. ಐದನೆಯ ಸರದಿಗೆ ಆಕೆಯ ಬಸ್ಸು ಕಾಯ್ಕಿಣಿಗೆ ಬಂತು. ಆಕೆ ಕಾಯಿಯನ್ನು ಚೌಕದ ನಟ್ಟನಡುವೆ ಇಟ್ಟು, ಕೈ ಒರೆಸಿಕೊಂಡು ಗೋಡೆಗೆ ಒರಗಿದಳು.

“ನಾಗಮ್ಮಕ್ಕ, ಕವಡೆ ಹಾಕಿ. ನಿಮ್ದೇ ಸರದಿ,” ಎಂದ ನಿತ್ಯಾನಂದ.

“ಎಂತಕೆ?”

“ಮುಂದೆ ಹೋಗೂಕೆ.”

“ನಾ ಇಳ್ದೆ, ತಮಾ.”

“ಎಲ್ಲಿ ಇಳಿದ್ರಿ?”

“ಕಾಯ್ಕಿಣೀಲಿ. ನಮ್ಮ ತವರುಮನೆ ಅದೆ ಅಲ್ಲಿ. ಬಸ್ಸಲ್ಲಿ ಅಲ್ಲಿವರೆಗೆ ಬಂದು ಇಳೀದೆ ಮುಂದೆ ಹೋದೆ ಅಂದ್ರೆ ಅತ್ಗೆ ಎಂತ ಹೇಳೂದಿಲ್ಲ? ಈ ಜನ್ಮದಲ್ಲಿ ಮತ್ತೆ ಆ ಬಾಗ್ಲು ಮೆಟ್ಟೂಕಿಲ್ಲ.”

ಇದು ನಿಜವಾದ ಕಾಯ್ಕಿಣಿಯಲ್ಲ, ರಟ್ಟು ಎಂದು ನಿತ್ಯಾನಂದ ವಿನಯದಿಂದ ತಿಳಿಸಿದ.

“ಕಾಯ್ಕಿಣಿ ಅಲ್ದಾ? ಮತ್ತೆ ಕಾಯ್ಕಿಣಿ ಅಂತ ಬರ್ದದ್ದು ಎಂತಕೆ?”



ಆಗ ರವೀಂದ್ರ ಎದ್ದು ನಿಂತ. ಅದೇ ರಸ್ತೆಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದು ನಿವೃತ್ತನಾದವನು. ಇಂದಿಗೂ ಊಟಕ್ಕೆ ಕೂರುವ ಮೊದಲು ಗಡಿಯಾರ ನೋಡುವವನು. “ಎಕ್ಸ್‌ಪ್ರೆಸ್ ಕಾಯ್ಕಿಣಿಗೆ ನಿಲ್ಲೂದೇ ಇಲ್ಲ,” ಎಂದು ಘೋಷಿಸಿದ. “ಬೇಕಾದ್ರೆ ಮುರ್ಡೇಶ್ವರದಲ್ಲಿ ಇಳೀಲಿ.”

“ನಿನ್ನ ಗುರ್ತು ಅದೆ ನಂಗೆ,” ಎಂದಳು ನಾಗಮ್ಮ. “ಎರಡು ಸಲ ನನ್ನ ಮುರ್ಡೇಶ್ವರದಲ್ಲಿ ಇಳ್ಸಿ, ತಲೆ ಮೇಲೆ ಗಂಟು ಹೊತ್ತು ನಡ್ಸಿದವ ನೀನೇ ಅಲ್ದಾ? ಇವತ್ತು ಬಸ್ಸು ನಿಂದಲ್ಲ, ನಂದು.”

ಗ್ರಂಥಾಲಯದಲ್ಲಿ ನಗಬಾರದೆಂಬ ನಿಯಮವನ್ನು ದಿನೇಶನೇ ಮೊದಲು ಮುರಿದ. ರವೀಂದ್ರ ಮುಖ ಕೆಂಪು ಮಾಡಿಕೊಂಡು ನಿತ್ಯಾನಂದನ ಕಡೆ ತಿರುಗಿದ. “ನಿತ್ಯಾ, ಹತ್ತೊಂಬತ್ತು ಮಂದಿಗೆ ಹಿಡಿಸಿದೆ. ಒಬ್ಬರಿಗೆ ಬ್ಯಾಡ ಅಂತ ಇಡೀ ಬಸ್ಸು ನಿಲ್ಸ್ತ್ಯಾ ಮಾರಾಯಾ? ಹೊರಗೆ ಯಾರಾದ್ರೂ ಹೋಗ್ತಾ ಇದ್ರೆ ಕರ್ಕಂಡು ಬಾ, ಇಪ್ಪತ್ತು ಮಾಡು, ಸಹಿ ಹಾಕ್ಸು. ಆತು.”

ಅದು ಸರಿಯಾದ ಸಲಹೆ. ಅದನ್ನು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಮುಚ್ಚಳವೂ ಅಚ್ಚಾಗುತ್ತಿತ್ತು. ಆದರೆ ಗೇಟಿಗೆ ಫಲಕ ಹಾಕಿಕೊಂಡವನು ಇಪ್ಪತ್ತು ಮಂದಿಯ ಎದುರು ಸುಮ್ಮನೆ ತಲೆಯಾಡಿಸಲಾರ. ನಿತ್ಯಾನಂದ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಹೆಚ್ಚು ಜನರಿಗೆ ಬೇಕಾದ್ದನ್ನು ಮಾಡುವವನು ಅಂಗಡಿಯವನು, ರವೀಂದ್ರಣ್ಣ,” ಎಂದ, ಅಚ್ಚಿನ ಭಾಷೆಯಲ್ಲಿ. “ಒಬ್ಬಳೇ ಒಬ್ಬಳಿಗೆ ಬೇಕಾದ್ದನ್ನೂ ಮಾಡುವವನು ವಿನ್ಯಾಸಕ. ನನ್ನ ಆಟದಲ್ಲಿ ಒಬ್ಬರ ಇಚ್ಛೆಯೂ ಬಿಟ್ಟುಹೋಗುವುದಿಲ್ಲ.”

ಮಾತು ಚೆನ್ನಾಗಿತ್ತು. ಹೇಳಿ ಮುಗಿಸಿದ ಕೂಡಲೆ ಅವನಿಗೇ ಅದು ಬಹಳ ಹಿಡಿಸಿತು. ಅಲ್ಲಿಯೇ ಕಾಯ್ಕಿಣಿಯ ಚೌಕದ ಬದಿಗೆ ಒಂದು ಹಂಚಿನ ಮನೆ ಬರೆದು, ಹದಿನಾಲ್ಕನೆಯ ನಿಯಮವನ್ನು ಸೇರಿಸಿದ: ‘ತವರುಮನೆ ಇರುವ ಊರಿನಲ್ಲಿ ಇಳಿದ ಆಟಗಾರರು ಮನಸ್ಸಿದ್ದಷ್ಟು ಕಾಲ ಅಲ್ಲಿಯೇ ಇರಬಹುದು.’ ನಾಗಮ್ಮ ಮನೆಯನ್ನು ಬಗ್ಗಿ ನೋಡಿ, ಅಂಗಳ ಸಣ್ಣದಾಯಿತೆಂದಳು. ಅವನು ಅಂಗಳ ದೊಡ್ಡದು ಮಾಡಿದ. “ಈಗ ಅಡ್ಡಿಲ್ಲ,” ಎಂದು ಸಹಿ ಹಾಕಿ, ಬಸಳೆಯ ಬುಟ್ಟಿ ಹೊತ್ತು ಹೋದಳು.

ಬುಟ್ಟಿ ಹೊತ್ತು ಮನೆಮನೆಗೆ ಹೋಗುವವಳ ಜೊತೆ ಸುದ್ದಿಯೂ ಮನೆಮನೆಗೆ ಹೋಗುತ್ತದೆಂಬುದನ್ನು ವಿನ್ಯಾಸಕನಾದವನು ಲೆಕ್ಕಿಸಬೇಕಿತ್ತು.

ಸೋಮವಾರ ಬೆಳಿಗ್ಗೆ ಅಂಗನವಾಡಿಯ ಸಹಾಯಕಿ ಗಂಗಾ ಗೇಟಿನ ಬಳಿ ನಿಂತಿದ್ದಳು. ಭಾನುವಾರ ‘ಹಿಡಿಸಿದೆ’ ಎಂದು ಸಹಿ ಹಾಕಿದವರಲ್ಲಿ ಅವಳೂ ಒಬ್ಬಳು.

“ನಿತ್ಯಣ್ಣ, ನನ್ನ ಸಹಿ ವಾಪಸು ಕೊಡಿ.”

“ಎಂತ ಆತು?”

“ನಾಗಮ್ಮಕ್ಕಂಗೆ ತವರುಮನೆ ಅದೆ, ನಂಗಿಲ್ಲ ಅಂತೆ. ನಮ್ದು ಗೇರುಸೊಪ್ಪೆ.”

“ಗೇರುಸೊಪ್ಪೆ ಈ ಮಾರ್ಗದ ಮೇಲೆ ಬರೂದಿಲ್ಲ, ತಂಗಿ. ಹೊನ್ನಾವರದಿಂದ ಒಳಗೆ ಹೋಗ್ಬೇಕು.”

“ನಿಮ್ಮ ಮಾರ್ಗದ ಮೇಲೆ ಬರೂದಿಲ್ಲ ಅಂತ ನಾನು ಹುಟ್ಟಿದ ಮನೆಗೆ ಹೋಗೂದೇ ಬ್ಯಾಡ್ವಾ? ಒಬ್ಬರ ಇಚ್ಛೆನೂ ಬಿಡೂದಿಲ್ಲ ಅಂದದ್ದು ಯಾರು?”

ತನ್ನದೇ ಮಾತು ಇನ್ನೊಬ್ಬರ ಬಾಯಿಂದ ಕೇಳಿದಾಗ ಅಷ್ಟು ಚೆನ್ನಾಗಿರುವುದಿಲ್ಲವೆಂಬುದು ಆಗ ನಿತ್ಯಾನಂದನ ಅರಿವಿಗೆ ಬಂತು. ಹೊನ್ನಾವರದ ಚೌಕಕ್ಕೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ಅಂಟಿಸಿ, ಶರಾವತಿಯ ದಂಡೆಗುಂಟ ಗೇರುಸೊಪ್ಪೆಗೆ ಕವಲುದಾರಿ ಎಳೆದದ್ದಾಯಿತು. ಜಯಶ್ರೀ ಮೈದಾ ಕುದಿಸಿ ಅಂಟು ಮಾಡಿಕೊಟ್ಟಳು. ಮಂಗಳವಾರ ಮೂವರು ಬಂದರು. ಬುಧವಾರ ನಾಲ್ವರು. ಮಂಕಿಯಿಂದ ಬಂದ ಇಬ್ಬರು ವಾರಗಿತ್ತಿಯರ ತವರುಮನೆಗಳು ಅಕ್ಕಪಕ್ಕದಲ್ಲಿದ್ದವು, ಆದರೆ ಆ ಮನೆಯವರಿಗೆ ಒಂದು ಬಾಳೆಗೊನೆಯ ವಿಷಯದಲ್ಲಿ ಮಾತು ಬಿಟ್ಟು ಹೋಗಿತ್ತು. ಆದ್ದರಿಂದ ನಡುವೆ ಯಾರೂ ಇಳಿಯದ ಒಂದು ಚೌಕವನ್ನು ಬೇಲಿಯೆಂದು ಬಿಡಬೇಕಾಯಿತು. ಗ್ರಂಥಾಲಯದ ದಿನೇಶ, ತನಗೆ ತವರುಮನೆಯಿಲ್ಲದಿದ್ದರೂ ಇಚ್ಛೆಯಿದೆಯೆಂದು ಜ್ಞಾಪಿಸಿ, ಹೊನ್ನಾವರದಲ್ಲಿ ಬನ್ಸ್ ತಿಂದು ಚಾ ಕುಡಿಯಲು ಒಂದು ಹೋಟೆಲು ಹಾಕಿಸಿಕೊಂಡ.

ಪ್ರತಿ ಸಂಜೆ ರವೀಂದ್ರ ಬಂದು ರಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದ.

“ಒಬ್ಬಳು ಅಂದೆ. ಈಗ ಎಷ್ಟಾತು?”

“ಒಂಬತ್ತು.”

“ಮತ್ತೆ ಇದು ಅಲ್ಪಮತ ಹ್ಯಾಗೆ?”

“ಒಬ್ಬೊಬ್ಬರ ತವರೂ ಬೇರೆ, ರವೀಂದ್ರಣ್ಣ. ಒಂಬತ್ತು ಜನರ ಒಂದು ಇಚ್ಛೆ ಅಲ್ಲ ಇದು. ಒಬ್ಬೊಬ್ಬರದ್ದಾಗಿ ಒಂಬತ್ತು ಅಲ್ಪಮತ.”

“ಬಸ್ಸಲ್ಲಿ ಹೀಗೇ ಹೇಳ್ತಿದ್ರು,” ಎಂದ ರವೀಂದ್ರ ಗಂಭೀರವಾಗಿ. “ಒಬ್ಬೊಬ್ಬರೂ ‘ನನ್ನೊಬ್ಬನ್ನ ಇಲ್ಲೇ ಇಳ್ಸಿ’ ಅಂತಿದ್ರು. ಎಲ್ಲರನ್ನೂ ಇಳ್ಸಿದ ದಿನ ಡ್ರೈವರು, ನಾನು, ಎರಡೇ ಜನ ಕುಮಟಾ ಮುಟ್ಟಿದ್ದು. ನೋಡ್ತಾ ಇರು.”

ಶನಿವಾರ ಹತ್ತಕ್ಕೆ ಸರಿಯಾಗಿ ಅಧಿಕಾರಿ ಬಂದರು. ಸುಪ್ರಿಯಾ ಎಂಬ ಯುವತಿ. ಕೈಯಲ್ಲಿ ಪಾರದರ್ಶಕ ಕಡತ, ಮೊಣಕೈ ಮೇಲೆ ಮಡಚಿದ ಛತ್ರಿ, ಮುಖದಲ್ಲಿ ನಮೂನೆಯ ಹನ್ನೊಂದು ಅಂಕಣಗಳೂ ಭರ್ತಿಯಾಗದೆ ಏಳುವುದಿಲ್ಲವೆಂಬ ನಿರ್ಧಾರ. ಎರಡು ಚಾಪೆಗಳ ಮೇಲೆ ಹಾಸಿ, ಪತ್ರಿಕೆಗಳ ಸ್ಟ್ಯಾಂಡಿನ ಬುಡದವರೆಗೆ ಹೋಗಿದ್ದ ಆಟವನ್ನು ಅವರು ಬಹಳ ಹೊತ್ತು ನೋಡಿದರು.

“ಇದು ಪೆಟ್ಟಿಗೆಯಲ್ಲಿ ಹಿಡಿಯುತ್ತದೆಯೆ?”

“ಮಡಚ್ತದೆ, ಮೇಡಂ.”

“ಎಷ್ಟು ಸಲ?”

“ಹದಿನೇಳು.”

ಸುಪ್ರಿಯಾ ಅದನ್ನು ಬರೆದುಕೊಂಡರು. ಆಡಿ ತೋರಿಸಲು ಐವರನ್ನು ಕೂರಿಸಲಾಯಿತು: ರವೀಂದ್ರ, ನಾಗಮ್ಮ, ಗಂಗಾ, ದಿನೇಶ ಮತ್ತು ಐದನೆಯವಳಾಗಿ, ಅಂಟಿನ ಕೈ ಇನ್ನೂ ತೊಳೆಯದ ಜಯಶ್ರೀ. ಉಳಿದ ಊರು ಕಿಟಕಿಯಲ್ಲಿತ್ತು. ಅಧಿಕಾರಿ ಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡರು.

ನಾಗಮ್ಮ ಕಾಯ್ಕಿಣಿಯಲ್ಲಿ ಇಳಿದಳು. ದಿನೇಶ ಹೊನ್ನಾವರದಲ್ಲಿ ಬನ್ಸ್‌ಗೆ ಇಳಿದ. ಗಂಗಾ ಕವಲುದಾರಿ ಹಿಡಿದು ಗೇರುಸೊಪ್ಪೆಯಲ್ಲಿ ಇಳಿದಳು. ಇಳಿದವರು ಕವಡೆಯ ಕಡೆ ತಿರುಗಿಯೂ ನೋಡದೆ ಮಾತಿಗೆ ಕೂತರು. ನಾಗಮ್ಮ ಅತ್ತಿಗೆಯ ಮಂಡಿನೋವಿನ ವಿಚಾರ ತೆಗೆದಳು. ಗಂಗಾ ತನ್ನ ಅಣ್ಣ ಹೊಸದಾಗಿ ಕಟ್ಟಿಸಿದ ದನದ ಕೊಟ್ಟಿಗೆಯನ್ನು ವರ್ಣಿಸಿದಳು. ಮಾತಿನ ನಡುವೆ ಗಂಗಾ ಅಧಿಕಾರಿಯನ್ನೂ ಕೇಳಿದಳು: “ನಿಮ್ಮ ತವರು ಎಲ್ಲಿ, ಮೇಡಂ?”

“ನನಗಿನ್ನೂ ಮದುವೆಯಾಗಿಲ್ಲ.”

“ಹಂಗಾದ್ರೆ ನಿಮ್ಗೆ ಈಗ ಬರೀ ಮನೆ ಅದೆ,” ಎಂದಳು ನಾಗಮ್ಮ ಅನುಕಂಪದಿಂದ. “ತವರು ಇನ್ನೂ ಆಗ್ಲಿಲ್ಲ.”

ಜಯಶ್ರೀಯ ಕಾಯಿ ಹಳದೀಪುರಕ್ಕೆ ಬಂದು ನಿಂತಿತು. ಅದು ಅವಳು ಇರುವ ಊರೇ ಆದ್ದರಿಂದ ಯಾರೂ ಏನೂ ಕೇಳಲಿಲ್ಲ. ಹೀಗಾಗಿ ರವೀಂದ್ರನೊಬ್ಬನೇ, ಇಪ್ಪತ್ತಾರನೆಯ ನಿಮಿಷಕ್ಕೆ, ಕುಮಟಾ ಮುಟ್ಟಿದ.

“ಗೆದ್ದೆ!” ಎಂದು ಕೂಗಿದ.

“ಛಲೋ ಆತು,” ಎಂದಳು ನಾಗಮ್ಮ, ತಲೆಯೆತ್ತದೆ.

ರವೀಂದ್ರ ಸುತ್ತ ನೋಡಿದ. ಸೋತ ಮುಖವೊಂದೂ ಅಲ್ಲಿರಲಿಲ್ಲ. ದಿನೇಶ ಕಾಲ್ಪನಿಕ ಬನ್ಸ್ ಮುಗಿಸಿ ಕಾಲ್ಪನಿಕವಾಗಿ ಕೈ ತೊಳೆಯುತ್ತಿದ್ದ.

“ಆಟ ಮುಗಿಯಿತೆ?” ಎಂದು ಸುಪ್ರಿಯಾ ಕೇಳಿದರು. “ಒಂಬತ್ತನೆಯ ಅಂಕಣ: ಆಟ ಮುಗಿಯಲು ಬೇಕಾಗುವ ವೇಳೆ.”

“ಮುಗೀತು,” ಎಂದ ರವೀಂದ್ರ.

“ಎಲ್ಲಿ ಮುಗೀತು? ನಾನಿನ್ನೂ ಈಗ ಕೈಕಾಲು ತೊಳ್ದು ಒಳಗೆ ಬಂದದ್ದು,” ಎಂದಳು ಗಂಗಾ.

ಅಧಿಕಾರಿ ಲೇಖನಿ ಎತ್ತಿ ಹಿಡಿದು ನಿತ್ಯಾನಂದನ ಕಡೆ ನೋಡಿದರು. ಹದಿನಾಲ್ಕನೆಯ ನಿಯಮದ ಪ್ರಕಾರ ಮನಸ್ಸಿದ್ದಷ್ಟು ಕಾಲ ಇರಬಹುದೆಂದು ಅವನೇ ಬರೆದಿದ್ದ. ಮನಸ್ಸು ಎಷ್ಟು ನಿಮಿಷವೆಂದು ಬರೆದಿರಲಿಲ್ಲ. ಇನ್ನೂ ಅರ್ಧ ಗಂಟೆ ಕಾದರು. ಮಂಡಿನೋವಿನಿಂದ ಮಾತು ಮಂಡಿಯ ಎಣ್ಣೆಗೆ ಬಂದಿತ್ತಷ್ಟೆ.

“ನಂಗೆ ಈ ಆಟ ಹಿಡಿಸ್ಲಿಲ್ಲ,” ಎಂದು ರವೀಂದ್ರ ಒಮ್ಮೆಲೆ ಹೇಳಿದ. “ಬರ್ಕೊಳ್ಳಿ ಮೇಡಂ. ಸೋತವರೇ ಇಲ್ಲ ಅಂದ್ಮೇಲೆ ನಾ ಗೆದ್ದದ್ದು ಎಂತ? ಖಾಲಿ ಬಸ್ಸು ತಕ್ಕಂಡು ಕುಮಟಾದಲ್ಲಿ ನಿಂತಿದ್ದೆ. ಮೂವತ್ತೊಂದು ವರ್ಷದಲ್ಲಿ ಇಂಥ ಅವಮಾನ ಆಗಿರ್ಲಿಲ್ಲ.”

ಸುಪ್ರಿಯಾ ಏಳನೆಯ ಅಂಕಣಕ್ಕೆ ಮರಳಿದರು. “ಹಾಗಾದರೆ ಈಗ ಅಲ್ಪಮತದಲ್ಲಿರುವವರು ಇವರು. ಇವರ ಇಚ್ಛೆಗಾಗಿ ಏನು ಬದಲಾವಣೆ ಮಾಡಿದ್ದೀರಿ?”

ಹೆಚ್ಚು ಜನರಿಗೆಂದು ಕಟ್ಟಿದ ಆಟ; ಒಬ್ಬಳಿಗೆಂದು ತಿದ್ದಿದ್ದು; ತಿದ್ದುತ್ತ ತಿದ್ದುತ್ತ ಆ ಒಬ್ಬಳೇ ಹೆಚ್ಚು ಜನರಾಗಿ, ಹೆಚ್ಚು ಜನರೆಲ್ಲ ಸೇರಿ ಒಬ್ಬ ರವೀಂದ್ರನಾಗಿ ಉಳಿದಿದ್ದರು. ನಿತ್ಯಾನಂದನ ಕಣ್ಣ ಮುಂದೆ ಮುಚ್ಚಳದ ಅಕ್ಷರಗಳು ಒಂದೊಂದಾಗಿ ಅಳಿಸತೊಡಗಿದವು. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಳ್ಳುವುದನ್ನು ಮರೆತ.

ಅವನನ್ನು ಉಳಿಸಿದವಳು ನಾಗಮ್ಮ. ಉಳಿಸಬೇಕೆಂದಲ್ಲ, ರವೀಂದ್ರನ ಅಜ್ಞಾನಕ್ಕೆ ಆಕೆಗೆ ಬೇಸರವಾಗಿತ್ತು.

“ನೀ ಅಲ್ಲಿ ನಿಂತು ಕೂಗಿದ್ರೆ ನಾವು ಬರ್ತ್ವಾ? ತವರಿಗೆ ಹೋದವ್ಳು ತಾನಾಗೇ ಗಂಟು ಹೊತ್ಕಂಡು ಬರೂಕದೆಯಾ? ಕರೂಕೆ ಯಾರಾದ್ರೂ ಬರ್ಬೇಕು. ಕರೂಕೆ ಬಂದ್ರೆ ಒಂದು ಮರ್ಯಾದೆ, ಬರ್ದಿದ್ರೆ ಒಂದು ಮರ್ಯಾದೆ. ಬಸ್ಸು ಖಾಲಿ ಅದೆ ಅಲ್ದಾ? ತಿರ್ಗ್ಸು.”

ನಿತ್ಯಾನಂದ ಹದಿನೈದನೆಯ ನಿಯಮವನ್ನು ಬರೆದ: ‘ಮೊದಲು ಕುಮಟಾ ಮುಟ್ಟಿದವರು ಬಸ್ಸನ್ನು ಹಿಂದೆ ತಿರುಗಿಸಿಕೊಂಡು ಹೋಗಿ, ಇಳಿದವರನ್ನೆಲ್ಲ ಕರೆದು ತರತಕ್ಕದ್ದು. ಎಲ್ಲರೂ ಕುಮಟಾ ಸೇರಿದ ಮೇಲೆಯೇ ಗೆಲುವು.’

ರವೀಂದ್ರ ಒಲ್ಲೆನೆಂದ. ಒಲ್ಲೆನೆನ್ನುತ್ತಲೇ ಕವಡೆ ಎತ್ತಿಕೊಂಡ. ಗೇರುಸೊಪ್ಪೆಯಲ್ಲಿ ಗಂಗಾ, ಕರೆಯಲು ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಹುಣಿಸೆಬೀಜವನ್ನು ಹಲಸಿನ ಹಣ್ಣೆಂದು ಭಾವಿಸಿ ಕೊಟ್ಟಳು. ಕಾಯ್ಕಿಣಿಯಲ್ಲಿ ನಾಗಮ್ಮ ಅವನನ್ನು ಎರಡು ಸರದಿ ಅಂಗಳದಲ್ಲಿ ನಿಲ್ಲಿಸಿ ಕಾಯಿಸಿದಳು; ಮುರ್ಡೇಶ್ವರದಿಂದ ನಡೆಸಿದ್ದಕ್ಕೆ ಒಂದೊಂದು ಸರದಿಯಂತೆ. ಮೂರನೆಯ ಸರದಿಗೆ ಸೆರಗು ಸರಿಪಡಿಸಿಕೊಂಡು, “ಆತು, ಕಾಯಿ ತಗೊ, ಹೋಗೂವಾ,” ಎಂದಳು. ಹೊನ್ನಾವರದಲ್ಲಿ ದಿನೇಶನನ್ನು ಹೋಟೆಲಿನಿಂದ ಎಬ್ಬಿಸುವಷ್ಟರಲ್ಲಿ ರವೀಂದ್ರನ ಧ್ವನಿಯೇ ಬದಲಾಗಿತ್ತು. “ಒಳಗೆ ಹೋಗ್ರಿ, ಒಳಗೆ ಹೋಗ್ರಿ! ಬಾಗ್ಲಲ್ಲಿ ನಿಲ್ಬೇಡಿ! ಹಲಸಿನ ಹಣ್ಣು ಸೀಟಿನ ಮೇಲೆ ಇಡ್ಬೇಡಿ!” ಎಂದು ಅವನು ಗದರಿಸಿದಾಗ ಕಿಟಕಿಯಲ್ಲಿದ್ದ ಇಬ್ಬರು ಅರಿವಿಲ್ಲದೆ ಒಳಕ್ಕೆ ಸರಿದರು. ನಿವೃತ್ತಿಯ ನಂತರ ಅವನ ಮುಖದಲ್ಲಿ ಅಂಥ ಕಳೆಯನ್ನು ಯಾರೂ ಕಂಡಿರಲಿಲ್ಲ.

ತುಂಬಿದ ಬಸ್ಸು ಹಳದೀಪುರಕ್ಕೆ ಬಂತು. ಮುಂದಿನ ಎಸೆತಕ್ಕೆ ಕುಮಟಾ.

“ಹತ್ತು ಜಯಶ್ರೀ, ಬೇಗ,” ಎಂದ ರವೀಂದ್ರ.

ಜಯಶ್ರೀ ಹತ್ತಲಿಲ್ಲ.

“ನನ್ನ ಕರೂಕೆ ಅಂತ ಬಂದದ್ದಾ?” ಎಂದು ಮೆಲ್ಲನೆ ಕೇಳಿದಳು. “ಹಾದಿ ಮೇಲೆ ಸಿಕ್ಕಿದೆ ಅಂತ ಕರ್ದದ್ದಾ?”

“ಎಂತಾದ್ರೂ ಒಂದೇ ಅಲ್ದಾ? ಹತ್ತು!”

“ಒಂದೇ ಅಲ್ಲ.”

ಸುಪ್ರಿಯಾ ಸಹಿಗಳ ಹಾಳೆಯನ್ನು ತಿರುವಿ ನೋಡಿದರು. ಅದರಲ್ಲಿ ಜಯಶ್ರೀಯ ಹೆಸರಿನ ಮುಂದೆ ‘ಹಿಡಿಸಿದೆ’ ಎಂದಿತ್ತು, ಆದರೆ ಅಕ್ಷರ ನಿತ್ಯಾನಂದನದು. ಸಹಿಯ ಜಾಗ ಖಾಲಿ. “ಇವರನ್ನು ಕೇಳಿದ್ದೀರಾ?” ಎಂದರು.

“ಅವ್ಳು ಮನೆಯವಳೇ, ಮೇಡಂ,” ಎಂದ ನಿತ್ಯಾನಂದ.

ಕೇಳಿದವರೆಲ್ಲ ಹೇಳುವಂತೆ, ಅಷ್ಟು ಕಡಿಮೆ ಶಬ್ದಗಳಲ್ಲಿ ಅಷ್ಟು ದೊಡ್ಡ ತಪ್ಪನ್ನು ಆ ಊರಿನಲ್ಲಿ ಯಾರೂ ಮಾಡಿರಲಿಲ್ಲ. ಕಿಟಕಿಯಲ್ಲಿದ್ದ ಹೆಂಗಸರು ಒಟ್ಟಾಗಿ ನಾಲಿಗೆ ಲೊಚಗುಟ್ಟಿದರು.

“ನಿಮಗೆ ಈ ಆಟ ಹಿಡಿಸಿತೆ?” ಎಂದು ಸುಪ್ರಿಯಾ ಅವಳನ್ನೇ ಕೇಳಿದರು.

“ಇಲ್ಲ, ಮೇಡಂ,” ಎಂದಳು ಜಯಶ್ರೀ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಕಿಯಲ್ಲಿ ಕಲ್ಲಿದೆಯೆಂದು ಹೇಳುವಷ್ಟೇ ಸಹಜವಾಗಿ ಹೇಳಿದಳು. “ನಮ್ಮ ತವರುಮನೆ ಬೇಲಿ ಆಚೆ. ಹತ್ತೊಂಬತ್ತು ವರ್ಷ ಆತು, ನಾನು ಒಂದು ಸಲನೂ ಗಂಟು ಕಟ್ಲಿಲ್ಲ, ಬಸ್ಸು ಹತ್ಲಿಲ್ಲ. ಅಮ್ಮನ ಹತ್ರ ಹೋಗಿ ಕೂತ್ರೆ ಐದು ನಿಮಿಷಕ್ಕೆ ಇವ್ರು ಬೇಲಿ ಮೇಲಿಂದ ‘ಜಯಶ್ರೀ, ಕನ್ನಡಕ ಎಲ್ಲಿ?’ ಅಂತ ಕೂಗ್ತ್ರು. ಕರೂದು ಅಂದ್ರೆ ನಂಗೆ ಅದೇ. ಎಲ್ಲರಿಗೂ ತವರುಮನೆ ಅಂಟ್ಸಿ ಕೊಟ್ಟೆ. ಗೇರುಸೊಪ್ಪೆದು ಎರಡು ಸಲ ಕಿತ್ತು ಬಂತು, ಎರಡು ಸಲ ಅಂಟ್ಸಿದೆ.”

ನಿತ್ಯಾನಂದ ತಡಕಾಡಿ ಕನ್ನಡಕ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

“ನಿನ್ನದು ಎಲ್ಲಿ ಬರೀಲಿ?” ಎಂದು ಕೇಳಿದ. ಅವನ ದನಿ ವಿನ್ಯಾಸಕನದಾಗಿ ಉಳಿದಿರಲಿಲ್ಲ.

“ದೂರ.”

“ದೂರ ಅಂದ್ರೆ?”

“ನೀವೇ ಹೇಳಿ. ಎಷ್ಟು ದೂರ ಬರ್ತ್ರಿ?”

ರಟ್ಟಿನಲ್ಲಿ ಜಾಗ ಉಳಿದಿರಲಿಲ್ಲ. ನಿತ್ಯಾನಂದ ಎದ್ದು, ಗೋಡೆಗೆ ತೂಗುಹಾಕಿದ್ದ ಈ ವರ್ಷದ ಕ್ಯಾಲೆಂಡರನ್ನೇ ಇಳಿಸಿ, ಮುಗಿಯದ ತಿಂಗಳುಗಳನ್ನೂ ಬಿಡದೆ ಹಾಳೆ ಹರಿದ. ದಿನೇಶ ತಡೆಯಲು ಕೈ ಎತ್ತಿದವನು ಹಾಗೆಯೇ ಇಳಿಸಿದ. ಹಳದೀಪುರದ ಚೌಕದಿಂದ ಹೊರಟ ಹೊಸ ದಾರಿ ಚಾಪೆ ದಾಟಿ, ಪತ್ರಿಕೆಗಳ ಸ್ಟ್ಯಾಂಡನ್ನು ಬಳಸಿ, ಅಧಿಕಾರಿಗಳ ಕುರ್ಚಿಯ ಕೆಳಗಿಂದ ಹಾದು, ಬಾಗಿಲ ಮೂಲೆಗೆ ಹೋಗಿ ಮುಟ್ಟಿತು. ನಲವತ್ತೆಂಟು ಚೌಕ. ಕೊನೆಗೆ ಒಂದು ಮನೆ. ಅಂಗಳವನ್ನು ಅವನು ಕೇಳದೆಯೇ ದೊಡ್ಡದು ಮಾಡಿದ.

ಜಯಶ್ರೀ ತನ್ನ ಕಾಯಿಯನ್ನು ಎತ್ತಿಕೊಂಡು ಹೋಗಿ ಅಲ್ಲಿ ಇಟ್ಟಳು. ರವೀಂದ್ರ ಬಸ್ಸು ತಿರುಗಿಸಲು ಕವಡೆ ಎತ್ತಿದ.

“ನೀವು ಬ್ಯಾಡ, ರವೀಂದ್ರಣ್ಣ,” ಎಂದಳು. “ನನ್ನ ಕರೂಕೆ ಇವ್ರೇ ಬರ್ಬೇಕು. ಎಲ್ಲೇ ಆಡ್ಲಿ, ಯಾರೇ ಆಡ್ಲಿ, ಈ ಮನೆಗೆ ಇವ್ರೇ ಬರ್ಬೇಕು. ಹಂಗೆ ಬರ್ದ್ರೆ ಸಹಿ ಹಾಕ್ತೆ.”

ಅಧಿಕಾರಿ ಲೇಖನಿ ನಿಲ್ಲಿಸಿ, ಅದರ ಪರಿಣಾಮವನ್ನು ನಿತ್ಯಾನಂದನಿಗೆ ವಿವರಿಸಿದರು. ಹಾಗೆ ಬರೆದರೆ ಅವನಿಲ್ಲದೆ ಆಟ ಮುಗಿಯುವುದಿಲ್ಲ. ಮೂರು ತಾಲೂಕುಗಳ ಎಲ್ಲ ಗ್ರಂಥಾಲಯಗಳಿಗೂ ಅವನು ಒಬ್ಬನೇ ಇರುವುದರಿಂದ ಮುಚ್ಚಳ ಅಚ್ಚಾಗುವ ಪ್ರಶ್ನೆಯೇ ಇರುವುದಿಲ್ಲ. ಬರೆಯದಿದ್ದರೆ ಹತ್ತೊಂಬತ್ತು ಸಹಿಗಳಿವೆ. ಹೊರಗಿನಿಂದ ಯಾರನ್ನಾದರೂ ಕರೆದು ಇಪ್ಪತ್ತು ಮಾಡಲು ಇನ್ನೂ ಹತ್ತು ನಿಮಿಷ ಕಾಲಾವಕಾಶವಿದೆ.

ನಿತ್ಯಾನಂದ ಹದಿನಾರನೆಯ ನಿಯಮವನ್ನು ಬರೆದ. ಅವನ ಅಕ್ಷರ ಅಂದು ಎಂದಿಗಿಂತ ದುಂಡಾಗಿತ್ತೆಂದು ಹಾಳೆ ನೋಡಿದವರು ಹೇಳುತ್ತಾರೆ.

ಸುಪ್ರಿಯಾ ನಮೂನೆಯನ್ನು ಪೂರ್ತಿ ಭರ್ತಿ ಮಾಡಿದರು. ಆಟ ಹಿಡಿಸದವರ ಸಂಖ್ಯೆ: ಇಲ್ಲ. ಆಟ ಮುಗಿಯಲು ಬೇಕಾಗುವ ವೇಳೆ: ಕರೆಯಲು ಬರುವವರನ್ನು ಅವಲಂಬಿಸಿದೆ. ಪೆಟ್ಟಿಗೆಯಲ್ಲಿರಬೇಕಾದ ವಸ್ತುಗಳು: ಮಡಚುವ ಹಲಗೆ ಒಂದು, ಕವಡೆ ನಾಲ್ಕು, ಕಾಯಿ ಐದು, ಹುಣಿಸೆಬೀಜ ಸಾಕಷ್ಟು, ನಿತ್ಯಾನಂದ ಒಂದು. ಷರಾ: ಕೊನೆಯ ವಸ್ತುವಿನ ಪೂರೈಕೆ ಸಾಧ್ಯವಿಲ್ಲದ ಕಾರಣ ಆಟವನ್ನು ಹಳದೀಪುರದ ಗ್ರಂಥಾಲಯಕ್ಕೆ ಮಾತ್ರ ಅನುಮೋದಿಸಿದೆ.

ಈಗಲೂ ಭಾನುವಾರ ಮಧ್ಯಾಹ್ನ ಅಲ್ಲಿ ಆಟ ನಡೆಯುತ್ತದೆ. ಬಸ್ಸು ತುಂಬಿಸಿಕೊಂಡು ರವೀಂದ್ರ ಹಳದೀಪುರಕ್ಕೆ ಬಂದ ಮೇಲೆ ದಿನೇಶ ಸೈಕಲ್ ಹತ್ತಿ ಹೋಗಿ ನಿತ್ಯಾನಂದನಿಗೆ ತಿಳಿಸುತ್ತಾನೆ. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಳೆಹಣ್ಣಿನ ಚಿಪ್ಪೊಂದನ್ನು ಹಿಡಿದು ಬರುತ್ತಾನೆ. ಕರೆಯಲು ಹೋಗುವವನು ಬರಿಗೈಯಲ್ಲಿ ಹೋಗಬಾರದೆಂದು ನಾಗಮ್ಮ ಕಲಿಸಿದ್ದಾಳೆ. ಕವಡೆ ಎರಚುತ್ತ ಸ್ಟ್ಯಾಂಡನ್ನು ಬಳಸಿ, ಕುರ್ಚಿಯ ಕೆಳಗೆ ಬಗ್ಗಿ, ನಲವತ್ತೆಂಟು ಚೌಕಗಳನ್ನೂ ದಾಟಿ ಬಾಗಿಲ ಮೂಲೆಯ ಮನೆಯ ಮುಂದೆ ಮಂಡಿಯೂರಿ ಕೂತು, “ಹೋಗೂವನಾ, ಜಯಶ್ರೀ?” ಎಂದು ಕೇಳುತ್ತಾನೆ.

ಜಯಶ್ರೀ ಬಾಳೆಹಣ್ಣು ಇಸಕೊಂಡು, ಎಣಿಸಿ ಪಕ್ಕಕ್ಕಿಡುತ್ತಾಳೆ.

“ಇಷ್ಟು ದೂರ ಬಂದದ್ದು ಒಳ್ಳೇದಾತು,” ಎನ್ನುತ್ತಾಳೆ. “ಚಾ ಕುಡ್ದು ಹೋಗಿ. ನಾ ಇನ್ನೊಂದು ನಾಲ್ಕು ದಿನ ಇದ್ದು ಬರ್ತೆ.”